ಖಾತೆ ನಮ್ಮ ಹಕ್ಕು, ಹೆಬ್ಬೆಟ್ಟು ಅದರ ಬೆಲೆಯಲ್ಲ

ಬ್ಯಾಂಕಿನಲ್ಲಿ ಖಾತೆ ತೆರೆಯಿರಿ ಎಂದು ನಮಗೆ ಬುದ್ಧಿ ಹೇಳದವರಿಲ್ಲ. ಮಂತ್ರಿ ಹೇಳುತ್ತಾನೆ, ತಹಸೀಲ್ದಾರ ಹೇಳುತ್ತಾನೆ, ಪಂಚಾಯ್ತಿ ಕಚೇರಿಯ ಗೋಡೆಯೂ ಹೇಳುತ್ತದೆ. ತೆರೆಯೋಣ. ದುಡಿದ ಕೂಲಿ ಧಣಿಯ ಜೇಬಿನ ದಯೆಯಿಂದ ಬರುವ ಬದಲು ನಮ್ಮ ಹೆಸರಿನ ಪುಸ್ತಕಕ್ಕೆ ನೇರವಾಗಿ ಬರುವುದಾದರೆ ಬೇಡ ಅನ್ನುವವರು ಯಾರು? ಆದರೆ ಖಾತೆ ತೆರೆಯುವ ಹೊತ್ತಿನಲ್ಲಿ ನಮ್ಮಿಂದ ಏನೇನು ಕಿತ್ತುಕೊಳ್ಳುತ್ತಾರೆ, ಅದರಲ್ಲಿ ಕಾನೂನು ಕೇಳುವುದೆಷ್ಟು, ಗುಮಾಸ್ತ ಕೇಳುವುದೆಷ್ಟು, ದಲ್ಲಾಳಿ ಕೇಳುವುದೆಷ್ಟು, ಕೊಟ್ಟದ್ದೆಲ್ಲ ಕೊನೆಗೆ ಯಾರ ಕೈ ಸೇರುತ್ತದೆ ಎಂಬುದನ್ನು ಮಾತ್ರ ಯಾವ ಗೋಡೆಯೂ ಹೇಳುವುದಿಲ್ಲ. ಅದಕ್ಕೇ ನಾವು ಹೇಳಬೇಕಾಗಿದೆ.

ಕೇರಿಯ ಹೆಂಗಸೊಬ್ಬಳು ಖಾತೆ ತೆರೆಯಲು ಹೊರಟರೆ ಏನಾಗುತ್ತದೆ ನೋಡಿ. ಮೊದಲು ಜೆರಾಕ್ಸ್ ಅಂಗಡಿ. ಆಧಾರ್ ಕಾರ್ಡು, ಪಡಿತರ ಚೀಟಿ, ವೋಟರ್ ಕಾರ್ಡು, ಜಾತಿ ಪ್ರಮಾಣಪತ್ರ, ಕೇಳಿದ್ದು ಕೇಳದ್ದು ಎಲ್ಲದರದ್ದೂ ಎರಡೆರಡು ಪ್ರತಿ. ಕೆಟ್ಟುಹೋದ ಪ್ರತಿ ಅಂಗಡಿಯ ಮೂಲೆಗೆ. ನಾಳೆ ಅದೇ ಕಾಗದದಲ್ಲಿ ಬೋಂಡ ಕಟ್ಟಿಕೊಟ್ಟರೂ ಕೇಳುವವರಿಲ್ಲ. ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಫಾರಂ ತುಂಬಿಕೊಡುವವನು ಕೂತಿರುತ್ತಾನೆ. "ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಒತ್ತಮ್ಮ. ಉಳಿದದ್ದು ನಾನು ತುಂಬ್ಕೋತೀನಿ."

"ಇದ್ಯಾವ್ದಕ್ಕಣ್ಣ?"

"ಅದೆಲ್ಲ ನಿಂಗ್ಯಾಕೆ? ದುಡ್ಡು ಬರ್ಬೇಕೋ ಬೇಡ್ವೋ?"

ಫೋನ್ ನಂಬರ್ ಬರೆಯುವ ಜಾಗದಲ್ಲಿ ತನ್ನದೇ ನಂಬರು ಬರೆದುಕೊಳ್ಳುವ ಮಹಾನುಭಾವರೂ ಇದ್ದಾರೆ. ಅಲ್ಲಿಂದ ಮುಂದೆ ಅವಳ ಖಾತೆಗೆ ದುಡ್ಡು ಬಂದದ್ದು, ಹೋದದ್ದು ಅವನಿಗೆ ಗೊತ್ತಾಗುತ್ತದೆ, ಅವಳಿಗಲ್ಲ. ಒಟಿಪಿಯೂ ಅವನಿಗೇ ಬರುತ್ತದೆ. ಖಾತೆ ಅವಳ ಹೆಸರಿನದು, ಬೀಗದ ಕೈ ಅವನದು.

ಈ "ಅದೆಲ್ಲ ನಿಂಗ್ಯಾಕೆ" ಎಂಬ ಮಾತು ನಮಗೆ ಹೊಸದಲ್ಲ. ಸಾಹುಕಾರನ ಜಗಲಿಯ ಕೆಳಗೆ ನಿಂತು ನಮ್ಮ ಅಪ್ಪಂದಿರು, ಅಜ್ಜಂದಿರು ಇದನ್ನೇ ಕೇಳಿಸಿಕೊಂಡರು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ನೂರು ಕೊಟ್ಟವನು ಸಾವಿರ ಬರೆದುಕೊಂಡ. ಅಪ್ಪ ಒತ್ತಿದ ಹೆಬ್ಬೆಟ್ಟಿಗೆ ಮಗ ಜೀತಕ್ಕೆ ನಿಂತ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಅದೇ ವರ್ಷ ಕರ್ನಾಟಕದಲ್ಲಿ ಋಣ ಪರಿಹಾರ ಕಾಯ್ದೆಯೂ ಬಂತು. ಕಾನೂನಿನಲ್ಲಿ ಆ ಪತ್ರಗಳು ಸತ್ತವು. ಏನಕ್ಕೆ ಒತ್ತುತ್ತಿದ್ದೇನೆ ಎಂದು ಕೇಳದ ಹಾಗೆ ಒತ್ತಿಸಿಕೊಳ್ಳುವ ಚಾಳಿ ಮಾತ್ರ ಸಾಯಲಿಲ್ಲ. ಅದು ಜಗಲಿ ಬಿಟ್ಟು ಕೌಂಟರಿಗೆ ಬಂದು ಕೂತಿದೆ.

ಬೆರಳಚ್ಚಿನ ಹುಟ್ಟೇ ನಮ್ಮನ್ನು ನಂಬದವರ ಕೈಯಲ್ಲಿ ಆದದ್ದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಗುತ್ತಿಗೆದಾರನೊಬ್ಬನ ಇಡೀ ಅಂಗೈಯನ್ನು ಕರಾರು ಪತ್ರಕ್ಕೆ ಒತ್ತಿಸಿಕೊಂಡ. ಈ ದೇಶದವನು ನಾಳೆ ಇದು ನನ್ನ ಸಹಿಯಲ್ಲ ಅಂದುಬಿಟ್ಟಾನು ಎಂಬ ಗುಮಾನಿ ಅದರ ಹಿಂದಿತ್ತು. ಮುಂದೆ 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡಿದ ಜನರ ಬೆರಳಚ್ಚು ತೆಗೆಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಉಳ್ಳವನ ಸಹಿ ಗೌರವದ ಗುರುತಾಯಿತು. ಇಲ್ಲದವನ ಬೆರಳು ಗುಮಾನಿಯ ಗುರುತಾಯಿತು. ಇವತ್ತಿನ ಯಂತ್ರಕ್ಕೆ ಈ ಚರಿತ್ರೆ ಗೊತ್ತಿಲ್ಲದಿರಬಹುದು. ನಮಗೆ ಗೊತ್ತಿರಬೇಕು.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಬಡವರ ಪಾಲಿಗೆ ಬ್ಯಾಂಕು ಬಂತು ಎಂದು ಡಂಗುರ ಹೊಡೆದರು. ಕೇರಿಯವನು ಬ್ಯಾಂಕಿನ ಮೆಟ್ಟಿಲು ಹತ್ತಿದರೆ "ಗೊತ್ತಿರೋರ ಸಹಿ ತಗೊಂಡ್ ಬಾ" ಎಂದು ಕಳಿಸಿದರು. ಗೊತ್ತಿರೋರು ಅಂದರೆ ಯಾರು? ಮತ್ತೆ ಅದೇ ಗೌಡ, ಅದೇ ಶಾನುಭೋಗ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಬಂತು. 2023ರ ಹೊತ್ತಿಗೆ ಈ ಖಾತೆಗಳು 50 ಕೋಟಿ ದಾಟಿದವು. ಗೌಡನ ಸಹಿ ತಪ್ಪಿತು, ನಿಜ. ಆ ಜಾಗಕ್ಕೆ 12 ಅಂಕಿಯ ಒಂದು ಸಂಖ್ಯೆ, ಒಂದು ಹೆಬ್ಬೆಟ್ಟು ಬಂದು ಕೂತವು. ಗೌಡನ ಮಾತನ್ನು ಮೀರಿ ಬೇರೆ ಊರಿಗೆ ಓಡಿಹೋಗಬಹುದಿತ್ತು. ಹೆಬ್ಬೆಟ್ಟು ಬಿಟ್ಟು ಎಲ್ಲಿಗೆ ಓಡುವುದು?

ಈಗ ಕಾನೂನಿಗೆ ಬರೋಣ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯ ಎಂದು 2017ರಲ್ಲಿ ನಿಯಮ ಮಾಡಿದರು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. 2012ರಲ್ಲಿ ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿದರು. 2019ರ ತಿದ್ದುಪಡಿಯ ಪ್ರಕಾರ ಖಾತೆದಾರ ತಾನಾಗಿ ಒಪ್ಪಿ ಕೊಟ್ಟರೆ ಬ್ಯಾಂಕು ಆಧಾರ್ ತೆಗೆದುಕೊಳ್ಳಬಹುದು. ಆಧಾರ್ ಇಲ್ಲ ಎಂಬ ಕಾರಣಕ್ಕೆ ಸೇವೆ ನಿರಾಕರಿಸುವಂತಿಲ್ಲ.

ಹಾಗಾದರೆ ಬ್ಯಾಂಕಿಗೆ ಏನು ಕೊಟ್ಟರೆ ಸಾಕು? ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಗುರುತಿಗೆ ಆಗುವ ಕಾಗದಗಳ ಪಟ್ಟಿ ಇದೆ. ಅದರಲ್ಲಿ ಆಧಾರ್ ಒಂದು, ಅಷ್ಟೇ. ವೋಟರ್ ಕಾರ್ಡು ಆಗುತ್ತದೆ. ಡ್ರೈವಿಂಗ್ ಲೈಸೆನ್ಸು ಆಗುತ್ತದೆ. ಪಾಸ್‌ಪೋರ್ಟು ಆಗುತ್ತದೆ. ಅಧಿಕಾರಿಯ ಸಹಿ ಇರುವ ನರೇಗಾ ಜಾಬ್ ಕಾರ್ಡು ಆಗುತ್ತದೆ. ಪ್ಯಾನ್ ಕಾರ್ಡು ಇಲ್ಲದವರಿಗೆ ಅದರ ಬದಲು ತುಂಬಿಕೊಡುವ ಘೋಷಣೆಯ ಫಾರಂ ಇದೆ. ಯಾವ ಕಾಗದವೂ ಇಲ್ಲದವರಿಗೆ 'ಸಣ್ಣ ಖಾತೆ' ಇದೆ. ಒಂದು ಫೋಟೋ ಕೊಟ್ಟು, ಬ್ಯಾಂಕಿನ ಅಧಿಕಾರಿಯ ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆ, ತಿಂಗಳಿಗೆ 10,000ಕ್ಕಿಂತ ಹೆಚ್ಚು ಖರ್ಚು, ಯಾವಾಗಲೂ 50,000ಕ್ಕಿಂತ ಹೆಚ್ಚು ಬಾಕಿ ಇರಬಾರದು ಎಂಬ ಮಿತಿ ಉಂಟು. ಹನ್ನೆರಡು ತಿಂಗಳ ಒಳಗೆ ಗುರುತಿನ ಕಾಗದಕ್ಕೆ ಅರ್ಜಿಯನ್ನಾದರೂ ಹಾಕಿ ತೋರಿಸಬೇಕು. ನಮ್ಮ ಕೇರಿಗಳಲ್ಲಿ ಎಷ್ಟು ಮಂದಿಗೆ ಇದು ಸಾಲದು? ಆದರೆ ಯಾವ ಮ್ಯಾನೇಜರು ಇದನ್ನು ತಾನಾಗಿ ಬಾಯಿಬಿಟ್ಟು ಹೇಳಿದ್ದಾನೆ?

ಜಾತಿ ಪ್ರಮಾಣಪತ್ರ ಈ ಪಟ್ಟಿಯಲ್ಲಿಲ್ಲ. ಪಡಿತರ ಚೀಟಿಯೂ ಇಲ್ಲ. ಆದರೂ ಕೇಳುತ್ತಾರೆ, ಕೊಡುತ್ತೇವೆ. ಕೇಳಿದ್ದನ್ನೆಲ್ಲ ಕೊಟ್ಟೇ ಕೊಟ್ಟೇ ನಮಗೆ ಅಭ್ಯಾಸವಾಗಿಹೋಗಿದೆ.

ಇನ್ನು ಕೋರ್ಟಿನ ತೀರ್ಪಿನ ಇನ್ನೊಂದು ಮುಖ. ಬ್ಯಾಂಕಿಗೆ ಕಡ್ಡಾಯವಲ್ಲ ಎಂದ ಅದೇ ತೀರ್ಪು, ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳಬಹುದು ಎಂಬ ಏಳನೇ ಕಲಮನ್ನು ಉಳಿಸಿತು. ಐವರಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಒಬ್ಬರು ಭಿನ್ನಮತ ಬರೆದರು. ಸಹಾಯಧನ ಬರುವ ಖಾತೆಗೆ ಸಂಖ್ಯೆ ಕೊಡಲೇಬೇಕು. ನರೇಗಾ ಕೂಲಿಗೂ 2024ರ ಜನವರಿ 1ರಿಂದ ಆಧಾರ್ ಮೂಲಕವೇ ಪಾವತಿ ಎಂದು ಮಾಡಿದರು. ಇದರ ಅರ್ಥ ಏನು? ಯಾರಿಗೆ ಸರ್ಕಾರದಿಂದ ಏನೂ ಬೇಡವೋ ಅವನು ಪಾಸ್‌ಪೋರ್ಟು ತೋರಿಸಿ ಆಧಾರ್ ಮುಚ್ಚಿಟ್ಟುಕೊಳ್ಳಬಹುದು. ವಿಧವಾ ವೇತನ ಬೇಕಾದವಳು, ಮಗಳ ವಿದ್ಯಾರ್ಥಿವೇತನ ಬೇಕಾದವನು ಬಿಚ್ಚಿಡಲೇಬೇಕು. ಖಾಸಗಿತನ ಎಲ್ಲರ ಮೂಲಭೂತ ಹಕ್ಕಂತೆ. ಉಳ್ಳವನಿಗೆ ಅದು ಹಕ್ಕು, ಇಲ್ಲದವನಿಗೆ ಅಕ್ಕಿಯ ಬದಲಿಗೆ ಕೊಡಬೇಕಾದ ದವಸ. ಇದು ಯಾವ ಸೀಮೆಯ ಸಮಾನತೆ?

"ನಿಮ್ಮ ಹತ್ರ ಮುಚ್ಚಿಡೋಕೆ ಏನಿದೆ?" ಎಂದು ಕೇಳುವವರಿದ್ದಾರೆ. ಇದು ಯಾವತ್ತೂ ಏನನ್ನೂ ಮುಚ್ಚಿಡುವ ಪ್ರಸಂಗ ಬಾರದವರ ಪ್ರಶ್ನೆ. ಪಟ್ಟಣದಲ್ಲಿ ಬಾಡಿಗೆ ಕೋಣೆ ಹುಡುಕುವ ನಮ್ಮ ಹುಡುಗನನ್ನು ಕೇಳಿ. ಹೆಸರು ಹೇಳಿ, ಊರು ಹೇಳಿ, ಕೇರಿ ಹೇಳಿ ಬಾಗಿಲು ಮುಚ್ಚಿಸಿಕೊಂಡು ಬಂದ ಅವನಿಗೆ ಗೊತ್ತು, ಯಾರಿಗೆ ಎಷ್ಟು ಹೇಳಬೇಕು ಎಂಬುದು ತನ್ನ ಕೈಯಲ್ಲಿರುವುದು ಎಷ್ಟು ದೊಡ್ಡ ಮಾತು ಎಂದು. ನಮ್ಮವರಲ್ಲೇ ಕೆಲವು ಗೆಳೆಯರು, ಇದೆಲ್ಲ ಇಂಗ್ಲಿಷ್ ಕಲಿತವರ ಚಟ, ಹಸಿದವನಿಗೆ ಖಾಸಗಿತನ ಯಾಕೆ ಅನ್ನುತ್ತಾರೆ. ಆ ಗೆಳೆಯರಿಗೆ ಮೂರು ಸಂಗತಿ ಹೇಳುತ್ತೇವೆ.

ಮೊದಲನೆಯದು 2017ರದು. ಸಿಮ್ ಕಾರ್ಡಿಗೆಂದು ಬೆರಳು ಒತ್ತಿದ ಏರ್‌ಟೆಲ್ ಗಿರಾಕಿಗಳ ಹೆಸರಿನಲ್ಲಿ ಅವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆಗಳು ತೆರೆದುಕೊಂಡಿವೆ ಎಂಬ ದೂರು ಎದ್ದಿತು. ಗ್ಯಾಸ್ ಸಿಲಿಂಡರಿನ ಸಬ್ಸಿಡಿ ಹಳೆಯ ಖಾತೆ ಬಿಟ್ಟು, ಇದೆ ಎಂದೇ ಗೊತ್ತಿಲ್ಲದ ಹೊಸ ಖಾತೆಗೆ ಹೋಗಿ ಬಿತ್ತು. ಯಾಕೆಂದರೆ ಸಹಾಯಧನ ಹೋಗುವುದು ಆಧಾರಿಗೆ ಕೊನೆಯಲ್ಲಿ ಜೋಡಿಸಿದ ಖಾತೆಗೆ. ಆ ಡಿಸೆಂಬರಿನಲ್ಲಿ ಆಧಾರ್ ಪ್ರಾಧಿಕಾರ ಅವರ ಇ-ಕೆವೈಸಿ ಪರವಾನಗಿ ತಡೆಹಿಡಿಯಿತು. 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು 5 ಕೋಟಿ ರೂಪಾಯಿ ದಂಡ ಹಾಕಿತು.

ಎರಡನೆಯದು ಜಾರ್ಖಂಡದ್ದು. ಅಲ್ಪಸಂಖ್ಯಾತ ಸಮುದಾಯದ ಬಡ ಮಕ್ಕಳ ವಿದ್ಯಾರ್ಥಿವೇತನವನ್ನು ದಲ್ಲಾಳಿಗಳು, ಶಾಲೆಯವರು, ಬ್ಯಾಂಕಿನ ಏಜೆಂಟರು ಸೇರಿ ನುಂಗಿದ್ದು 2020ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಸಾಧನ ಯಾವುದು? ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಬೆರಳಚ್ಚು. ಮೂರನ್ನೂ ಜನರೇ ನಂಬಿ ಕೊಟ್ಟಿದ್ದರು.

ಮೂರನೆಯದು ನಮ್ಮ ರಾಜ್ಯದ್ದೇ. ಜಮೀನು, ಮನೆ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆ ಎತ್ತಿಕೊಂಡು ಬ್ಯಾಂಕಿನಿಂದ ಹಣ ತೆಗೆದ ದೂರುಗಳು 2023ರಲ್ಲಿ ಪೊಲೀಸರ ಮುಂದೆ ಬಂದವು. ಬೆರಳಚ್ಚು ಮರೆಮಾಡುವ ಮಾತು ಸರ್ಕಾರಕ್ಕೆ ನೆನಪಾದದ್ದು ಆಮೇಲೆ.

ಇದು ಆಗುವ ಬಗೆ ತಿಳಿದಿರಲಿ. ಊರೂರಿನ ಬ್ಯಾಂಕ್ ಮಿತ್ರನ ಕೈಯಲ್ಲಿರುವ ಪುಟ್ಟ ಯಂತ್ರಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಸಿಕ್ಕರೆ ಸಾಕು, ಹಣ ಬರುತ್ತದೆ. ಒಟಿಪಿ ಬೇಡ, ಪಿನ್ ಬೇಡ. ಕಳ್ಳ ಅಂಟಿನಲ್ಲಿ, ರಬ್ಬರಿನಂಥ ಸಿಲಿಕೋನಿನಲ್ಲಿ ಬೆರಳು ಅಚ್ಚು ಹೊಯ್ದುಕೊಳ್ಳುತ್ತಾನೆ. ಅದೂ ಬೇಡ. "ಸರ್ವರ್ ಇಲ್ಲ, ಇನ್ನೊಂದ್ ಸಲ ಒತ್ತಜ್ಜಿ" ಎಂದು ಎರಡು ಸಲ ಒತ್ತಿಸಿಕೊಂಡು, ಒಂದು ಸಲದ್ದು ಕೊಟ್ಟು, ಒಂದು ಸಲದ್ದು ಜೇಬಿಗೆ ಇಳಿಸಿದರೂ ಆಯಿತು. ಕಲ್ಲು ಹೊತ್ತು, ಕಳೆ ಕಿತ್ತು, ಸಗಣಿ ಬಾಚಿ ಗೆರೆ ಸವೆದ ನಮ್ಮ ನಿಜವಾದ ಬೆರಳನ್ನು ಯಂತ್ರ ಒಪ್ಪುವುದಿಲ್ಲ, ನಾಳೆ ಬಾ ಅನ್ನುತ್ತದೆ. ಕಳ್ಳನ ಅಂಟಿನ ಬೆರಳನ್ನು ಒಪ್ಪುತ್ತದೆ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟು ಕಳುವಾದರೆ ಇನ್ನೊಂದು ಹುಟ್ಟುತ್ತದೆಯೇ? ಏಜೆಂಟರ ಪೂರ್ವಾಪರ ಸರಿಯಾಗಿ ನೋಡಿ ನೇಮಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಬಿಗಿಯಾದ ಆದೇಶ ಕೊಟ್ಟದ್ದು 2025ರ ಜೂನಿನಲ್ಲಿ. ಆ ಯಂತ್ರ ಹಳ್ಳಿಗೆ ಬಂದು ಹತ್ತು ವರ್ಷದ ಮೇಲಾಗಿತ್ತು.

ಈಗ ಹೇಳಿ, ಇದು ಹಸಿವಿನ ಪ್ರಶ್ನೆಯೋ, ಇಂಗ್ಲಿಷಿನ ಚಟವೋ? ಕಳುವಾದದ್ದು ಹುಡುಗಿಯ ಪುಸ್ತಕದ ದುಡ್ಡು, ಒಲೆಯ ಗ್ಯಾಸಿನ ದುಡ್ಡು.

ಇಷ್ಟಾದ ಮೇಲೆ ಮೇಲಿನವರು ನಮಗೆ ಹೇಳುವುದು ಒಂದೇ ಮಾತು: "ಜಾಗೃತರಾಗಿರಿ." ಓದು ಕೊಡಲಿಲ್ಲ, ಫಾರಂ ಅರ್ಥವಾಗುವ ಕನ್ನಡದಲ್ಲಿ ಕೊಡಲಿಲ್ಲ, ಬ್ಯಾಂಕಿನೊಳಗೆ ಕೂರಲು ಒಂದು ಕುರ್ಚಿ ಕೊಡಲಿಲ್ಲ. ಜಾಗೃತಿ ಮಾತ್ರ ನಮ್ಮ ಹೊಣೆ. ಅವರ ಜಾಗೃತಿ ಹೇಗಿದೆ ನೋಡಿ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಯಾರಿಗೆಂದರೆ ಅವರಿಗೆ ಕೊಡಬೇಡಿ, ದುರುಪಯೋಗವಾದೀತು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರನ್ನು ಬಳಸಿ ಎಂದಿತು. ಎರಡೇ ದಿನ. 29ರಂದು ದೆಹಲಿಯಿಂದ ಆದೇಶ ಬಂತು, ಜನ ತಪ್ಪು ತಿಳಿಯಬಹುದು ಎಂದು ಪ್ರಕಟಣೆ ವಾಪಸ್ಸಾಯಿತು. ಜನ ತಪ್ಪಾಗಿ ತಿಳಿಯುತ್ತಾರೆಂಬ ಭಯವೋ, ಸರಿಯಾಗಿ ತಿಳಿದುಬಿಡುತ್ತಾರೆಂಬ ಭಯವೋ?

ಹಾಗೆಂದು ಖಾತೆ ಬೇಡ, ಬ್ಯಾಂಕು ಬೇಡ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಮತ್ತೆ ಸಾಹುಕಾರನ ಜಗಲಿಗೇ ಹೋಗಬೇಕು. ನಾವು ಹೇಳುವುದು ಇಷ್ಟು: ಕಾನೂನು ಕೇಳಿದಷ್ಟು ಕೊಡೋಣ, ಅದಕ್ಕಿಂತ ಒಂದು ಕಾಗದ ಹೆಚ್ಚು ಕೊಡುವುದು ಬೇಡ.

ಸಹಾಯಧನದ ಸಂಬಂಧವಿಲ್ಲದ ಖಾತೆಗೆ ವೋಟರ್ ಕಾರ್ಡು ಕೊಟ್ಟು ತೆರೆಯಿರಿ. ಆಧಾರನ್ನೇ ಕೊಡುವುದಾದರೆ ಅಂಥ ಖಾತೆಗೆ ಪ್ರತಿಯ ಮೇಲೆ ಸಂಖ್ಯೆಯ ಮೊದಲ ಎಂಟು ಅಂಕಿ ಮಸಿ ಬಳಿದು ಕೊಡಿ. ಸಂಖ್ಯೆ ಮರೆಮಾಡಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಬ್ಯಾಂಕಿಗೆ ಹೇಳಿದೆ. ಪ್ರತಿ ಜೆರಾಕ್ಸಿನ ಮೇಲೂ ಅಡ್ಡಲಾಗಿ ಬರೆಯಿರಿ: ಇಂಥ ಬ್ಯಾಂಕಿನ ಖಾತೆ ತೆರೆಯಲು ಮಾತ್ರ, ಇಂಥ ತಾರೀಖು, ಸಹಿ. ಹಾಳಾದ ಪ್ರತಿಯನ್ನು ಅಂಗಡಿಯಲ್ಲಿ ಬಿಡದೆ ಹರಿದುಹಾಕಿ. ಖಾಲಿ ಫಾರಮ್ಮಿಗೆ ಒತ್ತಬೇಡಿ. ಫೋನ್ ನಂಬರು ನಿಮ್ಮದೇ ಇರಲಿ, ಇಲ್ಲದಿದ್ದರೆ ಮನೆಯವರದು. ಹಣ ತೆಗೆಯುವಾಗ ಒಂದು ಸಲ ಒತ್ತಿದರೆ ಒಂದು ಚೀಟಿ ಕೇಳಿ. ಆಗಲಿಲ್ಲ ಅಂದರೆ ಆಗಲಿಲ್ಲ ಎಂಬ ಚೀಟಿಯನ್ನೇ ಕೇಳಿ. ಬೆರಳಿನ ಹಣ ಬೇಡದವರು ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಸಿ, 1947ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ದುಡ್ಡು ಹೋದರೆ ಅಳುತ್ತ ಕೂರದೆ ಅದೇ ಗಳಿಗೆಯಲ್ಲಿ 1930ಕ್ಕೆ ಹೇಳಿ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಮೊಹರು ಹಾಕಿಸಿಕೊಳ್ಳಿ. ತಪ್ಪು ನಮ್ಮದಲ್ಲದಿದ್ದಾಗ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ, ನಮ್ಮ ತಪ್ಪೆಂದು ರುಜುವಾತು ಮಾಡುವ ಹೊರೆ ಬ್ಯಾಂಕಿನದು ಎಂದು 2017ರ ಜುಲೈನಲ್ಲೇ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತ್ತು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾನೆ, ಅವನಿಗೆ ದೂರು ಕೊಡಲು ಕಾಸು ಬೇಡ.

ಇದನ್ನೆಲ್ಲ ಒಬ್ಬೊಬ್ಬರೇ ಹೋಗಿ ಕೌಂಟರಿನಲ್ಲಿ ಹೇಳಿದರೆ ಗದರಿ ಕಳಿಸುತ್ತಾರೆ. ಹತ್ತು ಮಂದಿ ಒಟ್ಟಿಗೆ ಹೋದರೆ ಕುರ್ಚಿ ಹಾಕುತ್ತಾರೆ. ಇದು ಚಳವಳಿ ನಮಗೆ ಕಲಿಸಿದ ಪಾಠ. ಆದ್ದರಿಂದ ವಿದ್ಯಾರ್ಥಿ ಗೆಳೆಯರೆ, ರಜದಲ್ಲಿ ಊರಿಗೆ ಹೋದಾಗ ಸಂತೆಯ ದಿನ ಬ್ಯಾಂಕಿನ ಮುಂದೆ ಒಂದು ಮೇಜು ಹಾಕಿ ಕೂರಿ. ಫಾರಂ ಓದಿ ಹೇಳಿ, ಕೇಳಿದವರಿಗೆ ಮಾತ್ರ ತುಂಬಿಕೊಡಿ, ಕಾಗದ ಅವರ ಕೈಗೇ ವಾಪಸ್ಸು ಕೊಡಿ. ಯಾವ ಕಾಗದ ಬೇಕು, ಯಾವುದು ಬೇಡ ಎಂಬ ಪಟ್ಟಿಯನ್ನು ದಪ್ಪ ಕನ್ನಡದಲ್ಲಿ ಬರೆದು ಬ್ಯಾಂಕಿನ ಗೋಡೆಗೆ ಹಚ್ಚಲು ಮ್ಯಾನೇಜರಿಗೆ ಅರ್ಜಿ ಕೊಡಿ. ಒಪ್ಪದಿದ್ದರೆ ಎದುರಿನ ಅರಳಿಮರಕ್ಕೆ ಹಚ್ಚಿ.

ಮೇಷ್ಟ್ರುಗಳೇ, ನಿಮ್ಮ ಹತ್ತಿರ ಒಂದು ಮಾತು. ವಿದ್ಯಾರ್ಥಿವೇತನಕ್ಕೆಂದು ಮಕ್ಕಳ, ತಾಯ್ತಂದೆಯರ ಆಧಾರ್, ಪಾಸ್‌ಬುಕ್ಕು, ಜಾತಿ ಪತ್ರದ ಜೆರಾಕ್ಸು ಕಟ್ಟುಕಟ್ಟಾಗಿ ನಿಮ್ಮ ಶಾಲೆಯ ಬೀರುವಿನಲ್ಲಿ ಬಿದ್ದಿದೆ. ವರ್ಷಗಳ ಹಳೆಯದೂ ಇದೆ. ಕೆಲವು ಕಡೆ ಬೀರುವಿಗೆ ಬೀಗವೂ ಇಲ್ಲ. ಜಾರ್ಖಂಡದಲ್ಲಿ ಕಳ್ಳರಿಗೆ ಬೇಕಾದದ್ದು ಇಂಥವೇ ವಿವರಗಳು. ಆ ಕಟ್ಟು ಕಾಗದವಲ್ಲ, ಒಂದು ಕೇರಿಯ ಅಷ್ಟೂ ಮನೆಯ ಬೀಗದ ಕೈ. ಈ ವಾರವೇ ಬೀರು ತೆಗೆಯಿರಿ. ದಾಖಲೆಗೆ ಬೇಕಾದದ್ದಕ್ಕೆ ಬೀಗ ಹಾಕಿ. ಬೇಡವಾದದ್ದನ್ನು ತಂದೆತಾಯಿಗಳನ್ನು ಕರೆದು ಅವರ ಕೈಗೇ ಕೊಡಿ. ಕೊಡುವಾಗ ಅದು ಏನು, ಯಾಕೆ ತೆಗೆದುಕೊಂಡಿದ್ದಿರಿ ಎಂಬುದನ್ನೂ ಹೇಳಿ. ಇಷ್ಟು ದಿನ ಅವರಿಗೆ ಯಾರೂ ಹೇಳದೆ ಹೋದದ್ದು ಅದನ್ನೇ.